ಮೂವತ್ತನೆಯ ಲೋಟದಲ್ಲಿ ಏನಿತ್ತು

ನಮ್ಮ ಮನೆಯಲ್ಲಿ ಮುಟ್ಟಿಗೆ ಸೂತಕವಿಲ್ಲ. ಬಸವಕಲ್ಯಾಣದಲ್ಲಿ ಮನೆ ಮಾಡಿಕೊಂಡು, ಶರಣರ ದಾರಿಯವರೆಂದು ಹೇಳಿಕೊಂಡು, ಹೆಣ್ಣುಮಕ್ಕಳನ್ನು ತಿಂಗಳಿಗೊಮ್ಮೆ ಮೂಲೆಯಲ್ಲಿ ಕೂರಿಸುವುದು ನಾಚಿಕೆಗೇಡು ಎಂಬುದು ನಮ್ಮ ಆಯಿಯ ಖಡಕ್ ನಿಲುವು. ಆಯಿ ಅಂದರೆ ಅಪ್ಪನ ತಾಯಿ. ತನ್ನ ಕಾಲದಲ್ಲಿ ಆ ದಿನಗಳಲ್ಲೂ ಅವಳು ಲಿಂಗಪೂಜೆ ಬಿಟ್ಟವಳಲ್ಲ, ಸೊಸೆಗಾಗಲಿ ನನಗಾಗಲಿ ಬಿಡಲು ಹೇಳಿದವಳಲ್ಲ. ಈ ಸುಧಾರಣೆಯ ಒಂದು ಅಡ್ಡಪರಿಣಾಮವನ್ನು ಮಾತ್ರ ಯಾರೂ ಊಹಿಸಿರಲಿಲ್ಲ. ಹೊರಗೆ ಕೂರಿಸುವ ಮನೆಗಳಲ್ಲಿ ಹುಡುಗಿ ಒಂದು ತಿಂಗಳು ಕೂರದಿದ್ದರೆ ಇಡೀ ಓಣಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ನಾನು ಐದು ತಿಂಗಳು ಮುಟ್ಟಾಗದೆ ಓಡಾಡಿಕೊಂಡಿದ್ದರೂ ಯಾರಿಗೂ ಗೊತ್ತಾಗಲಿಲ್ಲ. ಕಿರಾಣಿ ಸಾಮಾನಿನ ಜೊತೆ ತಪ್ಪದೆ ತರುತ್ತಿದ್ದ ಪ್ಯಾಡಿನ ಪಾಕೀಟುಗಳು ಒಡೆಯದೇ ಒಂದರ ಮೇಲೊಂದು ಕೂತಿದ್ದು ಕಪಾಟು ಒರೆಸುವಾಗ ಅವ್ವನ ಕಣ್ಣಿಗೆ ಬಿತ್ತು. ಸುಧಾರಕರ ಮನೆಯಲ್ಲಿ ಸತ್ಯ ಹೊರಬರಲು ಕಪಾಟಿಗೆ ಧೂಳು ಹಿಡಿಯಬೇಕಾಯಿತು.

ಬೀದರಿನ ಲೇಡಿ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ರಕ್ತ ಪರೀಕ್ಷೆ ಮಾಡಿಸಿ, ಪಿಸಿಓಎಸ್ ಎಂದರು. ಅಂಡಾಶಯದಲ್ಲಿ ಮೊಟ್ಟೆಗಳು ಬೆಳೆಯಲು ಶುರುಮಾಡಿ ಅರ್ಧಕ್ಕೇ ನಿಂತುಬಿಡುತ್ತವೆ, ಹಾರ್ಮೋನುಗಳ ಲೆಕ್ಕ ತಪ್ಪಿದೆ, ಗದ್ದದ ಮೇಲಿನ ಕೂದಲು, ಏರಿದ ತೂಕ ಎಲ್ಲ ಇದರದೇ ಸಂಸಾರ ಎಂದು ಬಿಡಿಸಿ ಹೇಳಿದರು. ನಡೆಯಬೇಕು, ಸಿಹಿ ಕಡಿಮೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ತಿಂಗಳು ದಾಟಿಯೂ ಮುಟ್ಟು ಬಾರದಿದ್ದರೆ ಸುಮ್ಮನಿರಬಾರದು. ಗರ್ಭಕೋಶದ ಒಳಪದರ ಕಳಚದೆ ದಪ್ಪಗಾಗುತ್ತ ಹೋಗುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಮುಂದೆ ಕೆಟ್ಟದ್ದಕ್ಕೂ ದಾರಿಯಾಗಬಹುದು. ಅದಕ್ಕೊಂದು ಗುಳಿಗೆ ಬರೆದುಕೊಟ್ಟರು. ಕೆಲವು ದಿನ ನುಂಗಿ ನಿಲ್ಲಿಸಿದರೆ ಮುಟ್ಟು ಬರುತ್ತದೆ, ಅಷ್ಟೇ.

ಅಷ್ಟೇ ಅಲ್ಲ ಎಂಬುದು ಔಷಧದ ಅಂಗಡಿಯಲ್ಲಿ ಗೊತ್ತಾಯಿತು. ಅಂಗಡಿಯವರು ಸಹಜವಾಗಿ 'ಹಾರ್ಮೋನ್ ಗುಳಿಗಿ' ಎಂದರು. ಅವ್ವನ ಕಿವಿಯಲ್ಲಿ ಅದು ಮದುವೆಯಾದ ಹೆಂಗಸರು ಮಕ್ಕಳಾಗದಂತೆ ನುಂಗುವ ಗುಳಿಗೆಯಾಗಿ ಬಿತ್ತು. ಮದುವೆಯಾಗದ ಮಗಳಿಗೆ ಇದನ್ನು ಕೊಟ್ಟರೆ ಮುಂದೆ ಮಕ್ಕಳಾಗುವುದೇ ಇಲ್ಲ ಎಂದು ಬೀದರಿನಿಂದ ಬಸ್ಸು ಊರು ಮುಟ್ಟುವುದರೊಳಗೆ ಅವಳು ತೀರ್ಮಾನಿಸಿಬಿಟ್ಟಳು. ಗುಳಿಗೆಯ ಸ್ಟ್ರಿಪ್ಪು ಸಾಬೂದಾಣಿ ಡಬ್ಬಿಯೊಳಗೆ ಹೋಯಿತು.

ಡಬ್ಬಿಗೆ ಬೀಗವೇನೂ ಇರಲಿಲ್ಲ, ಕೈ ಹಾಕಿ ತೆಗೆದುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ನನ್ನ ಉತ್ತರ: ನಾನು ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಯಲ್ಲಿ ಬಹುಮಾನದ ಢಾಲು ತಂದವಳು. ಕದ್ದು ಗೆದ್ದರೆ ಅದು ಗೆಲುವಲ್ಲ. ಅವ್ವ ತಾನೇ ಡಬ್ಬಿಯ ಮುಚ್ಚಳ ತೆಗೆಯಬೇಕು, ತಾನೇ ಕೊಡಬೇಕು, ನನಗೆ ಬೇಕಿದ್ದದ್ದು ಆ ತೀರ್ಪು. ಜೊತೆಗೆ ಅವಳ ಮುಖದ ಮೇಲಿನ ಹೆದರಿಕೆ ನಿಜವಾಗಿತ್ತು. ಅದರ ಬೆನ್ನ ಹಿಂದೆ ಗುಳಿಗೆ ನುಂಗಲು ನನಗೆ ಬರುತ್ತಿರಲಿಲ್ಲ. ಹಾಗಾಗಿ ಒಪ್ಪಂದವಾಯಿತು. ಮೂರು ತಿಂಗಳು ಅವಳು ಹೇಳಿದ ಹೋಮಿಯೋಪತಿ. ಅಷ್ಟರಲ್ಲಿ ಮುಟ್ಟು ಬಾರದಿದ್ದರೆ ಬೀದರಿನ ಗುಳಿಗೆ. ಆಯಿ ಸಾಕ್ಷಿ.

ಹೋಮಿಯೋಪತಿ ಡಾಕ್ಟರು ನಮ್ಮೂರಿನಲ್ಲೂ ಇದ್ದಾರೆ. ಆದರೆ ಹುಡುಗಿಯ ಈ ವಿಷಯ ಊರಲ್ಲಿ ಗೊತ್ತಾಗಬಾರದೆಂದು ಅವ್ವ ಹುಮನಾಬಾದಿನವರನ್ನು ಆರಿಸಿದ್ದಳು. ಊರ ಹೊರಗಿನ ಬಂಗ್ಲಾ ಕ್ರಾಸು ದಾಟಿ, ಹೈವೇ ಹಿಡಿದು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ, ಹುಮನಾಬಾದಿನ ದವಾಖಾನೆಯ ಮೆಟ್ಟಿಲು ಹತ್ತಿ ಒಳಗೆ ಹೋದರೆ ಬೆಂಚಿನ ಮೇಲೆ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಸವಕಲ್ಯಾಣದವರು. ನನ್ನ ಹಳೆಯ ಗಣಿತದ ಮೇಡಂ, ಅವರ ಮಗಳು. ಬಟ್ಟೆ ಅಂಗಡಿಯವರ ಸೊಸೆ. ಮೂಲೆಯಲ್ಲಿ ನಮ್ಮ ಎದುರು ಮನೆಯ ಖಾಲಾ, ಬುರ್ಖಾದ ಮುಸುಕು ಮೇಲೆತ್ತಿ ಗೋಡೆಯ ಕ್ಯಾಲೆಂಡರನ್ನು ಪರೀಕ್ಷೆಗೆ ಓದುವವರಂತೆ ಓದುತ್ತಿದ್ದರು. ಯಾರೂ ಯಾರನ್ನೂ ಗುರುತಿಸಲಿಲ್ಲ. ಸಂಜೆ ಎಲ್ಲರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಕಿಟಕಿ ನೋಡುತ್ತ ವಾಪಸಾದೆವು. ಓಣಿಯಲ್ಲಿ ಇಳಿದ ಮೇಲೆ ಖಾಲಾ ನಮ್ಮನ್ನು ಆಗಲೇ ಮೊದಲ ಸಲ ನೋಡಿದವರಂತೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ಅವ್ವ, ಇಲ್ಲೇ ಎಂದಳು. ನೀವು ಎಂದು ಅವ್ವ ಕೇಳಿದಳು. ಅವರೂ ಇಲ್ಲೇ ಎಂದರು. ನಮ್ಮೂರಿನ ಡಾಕ್ಟರ ಬಳಿ ಹುಮನಾಬಾದಿನ ಹುಡುಗಿಯರೇ ತುಂಬಿರುತ್ತಾರೆಂದು ಆಮೇಲೆ ತಿಳಿಯಿತು. ಎರಡೂ ಊರಿನ ಗುಟ್ಟುಗಳು ದಿನಾ ಎದುರುಬದುರು ಬಸ್ಸಿನಲ್ಲಿ ದಾಟುತ್ತವೆ. ಲಾಭ ಸಾರಿಗೆ ಸಂಸ್ಥೆಗೆ.

ಡಾಕ್ಟರು ಮೃದು ಮಾತಿನವರು. ಯಾರು ಏನೇ ಹೇಳಿದರೂ ಒಪ್ಪಿಕೊಳ್ಳುವ ಮನುಷ್ಯ. ಚರ್ಚೆ ಕಲಿತವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಅಂಡಾಶಯದ ಸುದ್ದಿಗೆ ಅವರು ಬರಲೇ ಇಲ್ಲ. ನೀರಡಿಕೆ ಎಷ್ಟು, ಉಪ್ಪು ಇಷ್ಟವೋ ಹುಳಿಯೋ, ಯಾವ ಮಗ್ಗುಲಲ್ಲಿ ಮಲಗುತ್ತೀರಿ, ಗುಡುಗಿಗೆ ಹೆದರುತ್ತೀರಾ, ಕನಸಿನಲ್ಲಿ ಏನು ಬರುತ್ತದೆ ಎಂದು ಕೇಳುತ್ತ ಲ್ಯಾಪ್‌ಟಾಪಿನಲ್ಲಿ ಒತ್ತುತ್ತಿದ್ದರು. ಪ್ರಶ್ನೆ ನನಗೆ, ಉತ್ತರ ಅವ್ವನದು. ಕನಸಿನಲ್ಲಿ ನನಗೆ ಏನು ಬರುತ್ತದೆಂಬುದೂ ಅವಳಿಗೇ ಗೊತ್ತಿತ್ತು.

"ಯಾರರ ಸಮಾಧಾನ ಮಾಡಿದ್ರ ಛೊಲೋ ಅನಸ್ತದೋ, ಸಿಟ್ಟು ಬರ್ತದೋ?" ಎಂದು ಅವರು ಕೇಳಿದರು.

ಅದು ಯಾರು ಯಾಕೆ ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ ಎಂದು ನಾನು ಹೇಳುತ್ತಿದ್ದೆ. ಅವ್ವ, "ಸಿಟ್ಟ ರೀ," ಎಂದಳು. ಅವರು ಒತ್ತಿಕೊಂಡರು.

ನನಗೆ ತಡೆಯಲಾಗಲಿಲ್ಲ. ಗುಡುಗಿಗೆ ಹೆದರುವುದಕ್ಕೂ ಅಂಡಾಶಯಕ್ಕೂ ಏನು ಸಂಬಂಧ, ದಯವಿಟ್ಟು ವಿವರಿಸಿ ಎಂದೆ. ಅವರ ಮುಖ ಅರಳಿತು.

"ಹಿಂಗ ಪ್ರಶ್ನೆ ಮಾಡೋ ಸ್ವಭಾವ ಯಾವಾಗಿಂದ ಅದ ರೀ?"

"ಇದು ಸ್ವಭಾವ ಅಲ್ರಿ. ಇದು ಪ್ರಶ್ನೆ."

"ಹುಟ್ಟಿದಾಗಿಂದ ರೀ," ಎಂದಳು ಅವ್ವ.

ಅವರು ಅದನ್ನೂ ಒತ್ತಿಕೊಂಡರು. ಅವರ ಗ್ರಂಥದಲ್ಲಿ 'ಎದುರು ಮಾತು ಸಹಿಸದವರು' ಎಂದೇ ಒಂದು ಸಾಲಿದೆಯಂತೆ, ಅದರ ಕೆಳಗೆ ಆ ಸ್ವಭಾವದವರಿಗೆ ಒಗ್ಗುವ ಔಷಧಗಳ ಹೆಸರುಗಳಂತೆ. ಅಲ್ಲಿಂದ ಮುಂದೆ ನಾನು ಹಾಕಿದ ಪ್ರತಿ ಆಕ್ಷೇಪವೂ ಔಷಧವನ್ನು ಇನ್ನಷ್ಟು ಖಾತ್ರಿ ಮಾಡುತ್ತ ಹೋಯಿತು. ಆರೋಪಿಯ ವಾದವನ್ನೇ ಅಪರಾಧದ ಸಾಕ್ಷಿ ಎಂದು ಬರೆದುಕೊಳ್ಳುವ ನ್ಯಾಯಾಲಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಜಾಣತನ. ನಾನು ಬಾಯಿ ಮುಚ್ಚಿದೆ. ಅದನ್ನು ಅವರು 'ಒಳಗೇ ಇಟ್ಟುಕೊಳ್ಳುವವರು' ಎಂದು ಒತ್ತಿಕೊಂಡರು.

ಸಣ್ಣ ಬಾಟಲಿ, ಅದರಲ್ಲಿ ಸಾಬೂದಾಣಿಗಿಂತ ಸಣ್ಣ ಬಿಳಿ ಸಕ್ಕರೆ ಗುಳಿಗೆ. ದಿನಕ್ಕೆ ಮೂರು ಹೊತ್ತು, ಕೈಯಲ್ಲಿ ಮುಟ್ಟಬಾರದು. ಬೀದರಿನ ಗುಳಿಗೆ ಇದರ ಜೊತೆ ಕೂಡದು, ಅದು ಇದನ್ನು ಕೊಂದುಬಿಡುತ್ತದೆ. ಹಸಿ ಉಳ್ಳಾಗಡ್ಡಿ, ಕರ್ಪೂರ, ನೋವಿನ ಮುಲಾಮು, ಬಟ್ಟೆಗೆ ಹುಳ ಹಿಡಿಯದಂತೆ ಇಡುವ ಡಾಂಬರ ಗುಳಿಗೆ, ಯಾವ ವಾಸನೆಯೂ ಬಾಟಲಿಗೆ ತಾಗಬಾರದು. ಈ ನಿಯಮ ಕೇಳಿ ನಮ್ಮ ಮನೆಯಲ್ಲಿ ಬಾಟಲಿಗೆ ನೆಲೆಯೇ ಸಿಗದಂತಾಯಿತು. ಅಡುಗೆಮನೆಯಲ್ಲಿ ಉಳ್ಳಾಗಡ್ಡಿ, ದೇವರ ಜಗಲಿಯ ಮೇಲೆ ಕರ್ಪೂರ, ಕಪಾಟಿನಲ್ಲಿ ಡಾಂಬರ ಗುಳಿಗೆ, ಮಲಗುವ ಕೋಣೆಯಲ್ಲಿ ಅಪ್ಪನ ಸೊಂಟದ ಮುಲಾಮು. ಕೊನೆಗೆ ಮಾಳಿಗೆಯ ಮೇಲೆ, ನೀರಿನ ಟಾಕಿಯ ನೆರಳಿನಲ್ಲಿ, ಒಂದು ಸ್ಟೀಲ್ ಬಟ್ಟಲು ಬೋರಲು ಹಾಕಿ ಅದರಡಿ ಇಟ್ಟರು. ದಿನಕ್ಕೆ ಮೂರು ಸಲ ನಾನು ಮಾಳಿಗೆ ಹತ್ತಿ ಇಳಿದೆ. ಮೊದಲ ತಿಂಗಳ ಕೊನೆಗೆ ತೂಕ ಸ್ವಲ್ಪ ಇಳಿಯಿತು. ಅವ್ವ ಗುಳಿಗೆಗೆ ಕೈ ಮುಗಿದಳು. ಮೆಟ್ಟಿಲಿಗೆ ಯಾರೂ ಮುಗಿಯಲಿಲ್ಲ.

ಮುಟ್ಟು ಬರಲಿಲ್ಲ. ಮೊಡವೆ ಹೆಚ್ಚಾದವು, ಔಷಧ ರೋಗವನ್ನು ಹೊರಗೆ ತಳ್ಳುತ್ತಿದೆ ಎಂದರು ಡಾಕ್ಟರು. ಮೊಡವೆ ಕಡಿಮೆಯಾದವು, ಗುಣವಾಗುತ್ತಿದೆ. ತಲೆನೋವು ಬಂತು, ಇದು ಒಳ್ಳೆಯ ಲಕ್ಷಣ. ಏನೂ ಆಗಲಿಲ್ಲ, ಔಷಧ ಒಳಗೊಳಗೇ ಕೆಲಸ ಮಾಡುತ್ತಿದೆ. ಯಾವ ಫಲಿತಾಂಶ ಬಂದರೂ ಒಂದೇ ತಂಡ ಗೆಲ್ಲುವ ಪಂದ್ಯವಿದು ಎಂದು ನಾನು ಅವ್ವನಿಗೆ ಹೇಳಿದೆ. ನಿನಗೆ ಗೆಲ್ಲುವುದರದೇ ಚಿಂತೆ ಎಂದಳು ಅವಳು. ಖರೆ ಹೇಳಬೇಕೆಂದರೆ ನನ್ನ ಚಿಂತೆ ಬೇರೆಯಿತ್ತು. ಆರನೆಯ ತಿಂಗಳು ಮುಗಿದು ಏಳನೆಯದು ನಡೆಯುತ್ತಿತ್ತು. ಹೊಟ್ಟೆಯ ಕೆಳಗೆ ಒಂದು ಭಾರ, ನಿಜವೋ ಕಲ್ಪನೆಯೋ ತಿಳಿಯದ್ದು. ದಪ್ಪಗಾಗುತ್ತ ಹೋಗುತ್ತದೆ ಎಂಬ ಬೀದರಿನ ಡಾಕ್ಟರ ಮಾತು ಓದಲು ಕೂತಾಗ ಪುಸ್ತಕದ ಸಾಲುಗಳ ನಡುವೆ ಬರುತ್ತಿತ್ತು. ಒಪ್ಪಂದದ ಅವಧಿ ಮುಗಿದರೂ ಅವ್ವ ಡಬ್ಬಿ ತೆಗೆಯುವುದಿಲ್ಲ, ಇನ್ನೊಂದು ತಿಂಗಳು ನೋಡೋಣ ಎನ್ನುತ್ತಾಳೆಂದು ಅಷ್ಟರಲ್ಲಿ ನನಗೆ ಖಾತ್ರಿಯಾಗಿತ್ತು.

ಎರಡನೆಯ ಸಲ ಹುಮನಾಬಾದಿಗೆ ಹೋದಾಗ ಡಾಕ್ಟರು ಯಾವ ಬಾಟಲಿಯಿಂದ ನನ್ನ ಗುಳಿಗೆಯ ಮೇಲೆ ಹನಿ ಹಾಕುತ್ತಾರೆಂದು ನೋಡಿಕೊಂಡೆ. ಸೆಪಿಯಾ ಎಂದಿತ್ತು, ಪಕ್ಕದಲ್ಲಿ ಮೂವತ್ತು. ಬಸ್ಸಿನಲ್ಲಿ ಮೊಬೈಲು ತೆಗೆದು ಹುಡುಕಿದೆ. ರಾಜೇಶ್ವರ ಊರು ದಾಟುವಾಗ ಉತ್ತರ ಸಿಕ್ಕಿತು. ಸಮುದ್ರದಲ್ಲಿ ಒಂದು ಪ್ರಾಣಿ ಇದೆ, ಮೈಯಲ್ಲಿ ಎಲುಬಿಗಿಂತ ಕೈಗಳೇ ಹೆಚ್ಚು. ಹೆದರಿದಾಗ ಕರಿ ಶಾಯಿ ಬಿಡುತ್ತದೆ. ಆ ಶಾಯಿಯೇ ಸೆಪಿಯಾ. ನನಗೆ ಬಸ್ಸಿನಲ್ಲೇ ನಗು ಬಂತು. ತತ್ತಿ ಹಾಕಿದ ಬಿಸ್ಕತ್ತೂ ಹೊಸಿಲು ದಾಟದ ಮನೆ ನಮ್ಮದು.

ಸೋಮವಾರ ಬೆಳಿಗ್ಗೆ ಆಯಿ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ರೊಟ್ಟಿಗೆ ಕೂತಾಗ ನಾನು ವಿಷಯ ಮಂಡಿಸಿದೆ. ವಾದ ಸರಳವಾಗಿತ್ತು. ಈ ಗುಳಿಗೆಯಲ್ಲಿ ಆ ಪ್ರಾಣಿಯ ಶಾಯಿ ಇದೆಯೋ ಇಲ್ಲವೋ? ಇದೆ ಎಂದರೆ ಎರಡು ತಿಂಗಳಿಂದ ನಾನು ಮಾಂಸ ತಿನ್ನುತ್ತಿದ್ದೇನೆ. ಇಲ್ಲ ಎಂದರೆ ಎರಡು ತಿಂಗಳಿಂದ ನಾನು ಸಕ್ಕರೆ ತಿನ್ನುತ್ತಿದ್ದೇನೆ. ಮೂರನೆಯ ದಾರಿ ಇಲ್ಲ. ಇಷ್ಟು ಚೊಕ್ಕ ಇಕ್ಕಟ್ಟು ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ.

ಒಂದು ಸಂಗತಿ ಮಾತ್ರ ನನಗೆ ಗೊತ್ತಿರಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಕಾಯಲು ಕೂರುತ್ತಿದ್ದ ಆಯಿ, ಮೊಮ್ಮಗಳಿಗೆ ಒಳ್ಳೆಯದಾದದ್ದು ತನ್ನ ಮಂಡಿಗೆ ಕೆಟ್ಟದ್ದೇನೂ ಆಗಲಿಕ್ಕಿಲ್ಲವೆಂದು ದಿನಾ ನಾಲ್ಕು ಗುಳಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಕೈಯಲ್ಲಿದ್ದ ತುತ್ತು ತಾಟಿನಲ್ಲಿಟ್ಟಳು.

"ನಾ ಬಾಯಾಗ ಏನ್ ಹಾಕ್ಕೊಂಡೀನಿ ಅಂತ ಗೊತ್ತಾಗಾತನ ನಂಗ ಊಟ ಬ್ಯಾಡ," ಎಂದಳು.

ಅವ್ವ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಶಾಯಿಯನ್ನು ಅಷ್ಟೊಂದು ನೀರಿನಲ್ಲಿ ಕಲಸಿರುತ್ತಾರೆ, ಅದರಲ್ಲಿ ಏನೂ ಉಳಿದಿರುವುದಿಲ್ಲ ಎಂದು ಅವಳು ಆಯಿಗೆ ಸಮಾಧಾನ ಹೇಳಿದಳು. ಹಾಗಾದರೆ ಔಷಧವೂ ಉಳಿದಿರುವುದಿಲ್ಲ ಎಂದೆ ನಾನು. ಅದು ಬೇರೆ ಮಾತು ಎಂದಳು. ಅದೇ ಮಾತು ಎಂದೆ. ಆಯಿ ಇಬ್ಬರನ್ನೂ ಸುಮ್ಮನಿರಿಸಿ, ಅಯ್ಯನವರನ್ನು ಕರೆಯಿರಿ ಎಂದಳು. ಅಯ್ಯನವರು ನಮ್ಮ ಮನೆಗೆ ಶುಭ ಅಶುಭ ಎಲ್ಲದಕ್ಕೂ ಬರುವ ಜಂಗಮರು. ಗೃಹಪ್ರವೇಶ ಮಾಡಿಸಿದವರು, ನನಗೆ ಲಿಂಗ ಕಟ್ಟಿದವರು. ಸಮುದ್ರದ ಪ್ರಾಣಿಯ ಶಾಯಿ ಅವರ ಮುಂದೆ ಬರುತ್ತಿದ್ದುದು ಇದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಅವರು ಬಂದು ಅಂಗಳದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಎಲ್ಲ ಕೇಳಿದರು. ನಾನು ವಿವರಿಸಿದೆ: ಒಂದು ಹನಿ ಶಾಯಿಯನ್ನು ಸುಮಾರು ನೂರು ಹನಿಯಲ್ಲಿ ಕಲಸಿ ಅಲುಗಾಡಿಸುತ್ತಾರೆ. ಅದರಲ್ಲಿ ಒಂದು ಹನಿ ತೆಗೆದು ಮತ್ತೆ ನೂರು ಹನಿಯಲ್ಲಿ. ಹೀಗೆ ಮೂವತ್ತು ಸಲ. ಕಲಸುವುದು ಬರೀ ನೀರಿನಲ್ಲಲ್ಲ, ಅದರಲ್ಲಿ ಆಲ್ಕೋಹಾಲೂ ಇರುತ್ತದೆ ಎಂಬುದನ್ನು ನಾನು ನುಂಗಿಕೊಂಡೆ. ಆಯಿ ಅಷ್ಟೊತ್ತಿಗೆ ನೀರು ಕುಡಿಯುವುದನ್ನೂ ಬಿಟ್ಟಿದ್ದಳು.

"ಹೇಳಿದ್ರ ತಿಳಿಯಂಗಿಲ್ಲ ತಂಗಿ," ಎಂದರು ಅಯ್ಯನವರು. "ಮಾಡಿ ತೋರ್ಸು."

ಮಾಡಿ ತೋರಿಸಲು ಶಾಯಿಯ ಬದಲು ಬಿಳಿ ಬಟ್ಟೆಗೆ ಹಾಕುವ ನೀಲಿ ತಂದೆ. ಒಂದು ಲೋಟ ನೀರಿಗೆ ಒಂದು ಚಮಚ ನೀಲಿ. ಅದರಿಂದ ಒಂದು ಚಮಚ ಎರಡನೆಯ ಲೋಟಕ್ಕೆ. ನೂರು ಪಟ್ಟು ಆಗದಿದ್ದರೂ ತತ್ತ್ವ ಅದೇ. ಅವ್ವ ತಡೆದಳು. ಡಾಕ್ಟರು ಪ್ರತಿ ಸಲ ಬಾಟಲಿಯನ್ನು ಪುಸ್ತಕದ ಮೇಲೆ ಕುಟ್ಟುತ್ತಾರೆ, ಕುಟ್ಟದಿದ್ದರೆ ಶಕ್ತಿ ಬರುವುದಿಲ್ಲ, ಕುಟ್ಟದೆ ಮಾಡಿದ್ದು ಮೋಸ ಎಂದಳು. ಆಕ್ಷೇಪ ನ್ಯಾಯವಾಗಿತ್ತು. ಮುಚ್ಚಳದ ಡಬ್ಬಿ ತಂದೆವು. ಮನೆಯಲ್ಲಿ ದಪ್ಪ ಪುಸ್ತಕ ಅಂದರೆ ನನಗೆ ಬಹುಮಾನ ಬಂದ ನಿಘಂಟು. ಪ್ರತಿ ಲೋಟದ ನೀರನ್ನೂ ಡಬ್ಬಿಗೆ ಸುರಿದು, ಅವ್ವ ಅದನ್ನು ನಿಘಂಟಿನ ಮೇಲೆ ದಬದಬ ಕುಟ್ಟಿ, ಮತ್ತೆ ಲೋಟಕ್ಕೆ ಸುರಿಯುವುದು ಎಂದಾಯಿತು.

ಮೂರನೆಯ ಲೋಟದಲ್ಲಿ ನೀಲಿ ಇದೆ ಎಂದರೆ ನಂಬುವಷ್ಟಿತ್ತು. ನಾಲ್ಕನೆಯದರಲ್ಲಿ ನಂಬಿಕೆ ಇದ್ದವರಿಗೂ ಕಾಣಲಿಲ್ಲ. ಇಲ್ಲಿಗೆ ನಿಲ್ಲಿಸೋಣವೇ ಎಂದೆ. ಮೂವತ್ತು ಎಂದರೆ ಮೂವತ್ತು ಎಂದಳು ಆಯಿ, ಉಪವಾಸದ ಅಧಿಕಾರದಲ್ಲಿ. ಮನೆಯ ಲೋಟಗಳು ಹದಿನಾರಕ್ಕೆ ಮುಗಿದವು. ಅಪ್ಪ ಅಂಗಡಿಯಿಂದ ಊಟಕ್ಕೆ ಬಂದವನು ಅಂಗಳದಲ್ಲಿ ಸಾಲು ಲೋಟ, ಕುರ್ಚಿಯಲ್ಲಿ ಅಯ್ಯನವರು, ನಿಘಂಟು ಕುಟ್ಟುತ್ತಿರುವ ಹೆಂಡತಿಯನ್ನು ನೋಡಿ, ಹೊಸಿಲಲ್ಲೇ ತಿರುಗಿ ಅಂಗಡಿಗೆ ಹೋದ. ಆಯಿ ಬಾಗಿಲಿಗೆ ಹೋಗಿ ಓಣಿಯವರನ್ನು ಲೋಟ ಕೇಳಿದಳು. ಓಣಿಯಲ್ಲಿ ಲೋಟ ಕೇಳಿದರೆ ಲೋಟ ಒಂದೇ ಬರುವುದಿಲ್ಲ, ಅದರ ಹಿಂದೆ ಮನುಷ್ಯರೂ ಬರುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಅಂಗಳದಲ್ಲಿ ಏಳೆಂಟು ಹೆಂಗಸರು, ಎದುರು ಮನೆಯ ಖಾಲಾ ಸೇರಿ, ಲೋಟ ಹಿಡಿದು ನಿಂತಿದ್ದರು. ಊರಿಗೆ ಗೊತ್ತಾಗಬಾರದೆಂದು ನಾವು ಯಾವುದಕ್ಕಾಗಿ ಹೈವೇ ಸವೆಸಿದ್ದೆವೋ ಅದು ಊರವರ ಲೋಟಗಳಲ್ಲೇ ಸಾಲಾಗಿ ಕೂತಿತ್ತು.

ಯಾರಿಗೇನಾಗಿದೆ ಎಂದು ಯಾರೋ ಕೇಳಿದರು. ಅತ್ತೆಯ ಮಂಡಿ ನೋವು ಎಂದಳು ಅವ್ವ, ಕುಟ್ಟುತ್ತಲೇ. ಖಾಲಾ ತಮ್ಮ ಲೋಟ ಇಟ್ಟು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಮಂಡಿ ಅಲ್ಲ ಬಿಡವ್ವಾ. ನಾ ನಿಮ್ಮನ್ನ ಹುಮನಾಬಾದದಾಗ ನೋಡೀನಿ. ನೀವೂ ನನ್ನ ನೋಡೀರಿ."

ಅವ್ವ ಕುಟ್ಟುತ್ತಿದ್ದಳು.

"ನಾ ನಮ್ ಬಹೂ ಸಲುವಾಗಿ ಹೋಗ್ತಿದ್ದೆ. ಅಕಿಗೂ ಇದೇ. ವರ್ಸ ಆತು, ಏನೂ ಆಗಲಿಲ್ಲ. ಆಮ್ಯಾಲ ಅಕಿ ತವರುಮನಿಯವರು ಬೀದರಿಗೆ ಒಯ್ದರು, ಅಲ್ಲಿ ಡಾಕ್ಟರ್ ಬಾಯಿ ಗುಳಗಿ ಕೊಟ್ಟಳು."

"ಹಾರ್ಮೋನಿಂದು?" ಅವ್ವನ ದನಿ ಸಣ್ಣದಾಗಿತ್ತು.

"ಹೂಂ, ಅದೇ. ತಗೊಂಡಾಳ, ಮುಟ್ಟು ಬಂದಾದ. ಆ ಮ್ಯಾಲ ಬ್ಯಾರೆ ದವಾ ಸುರು ಮಾಡಿದ್ರು. ಈಗ ಎರಡನೇ ತಿಂಗಳು ನಡದದ. ಇನ್ನ ಯಾರಿಗೂ ಹೇಳಿಲ್ಲ, ನಜರ್ ಆಗ್ತದ ಅಂತ. ನಿಂಗ ಹೇಳಾಕತ್ತೀನಿ."

ನಿಘಂಟಿನ ಮೇಲೆ ಬೀಳುತ್ತಿದ್ದ ಡಬ್ಬಿಯ ಸದ್ದು ನಿಧಾನವಾಯಿತು. ಇಪ್ಪತ್ತೆರಡನೆಯದೋ ಇಪ್ಪತ್ತಮೂರನೆಯದೋ ಲೋಟ ನಡೆಯುತ್ತಿತ್ತು. ನಾನು ಚಮಚ ಹಿಡಿದು ಕಾಯುತ್ತಿದ್ದೆ. ಒಬ್ಬಳ ಅನುಭವದಿಂದ ಸಾಮಾನ್ಯ ನಿಯಮ ಹೊರಡಿಸಬಾರದು ಎಂಬ ವಾದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನಗೆ ಅನುಕೂಲವಾಗುವ ತಪ್ಪು ವಾದವನ್ನೂ ಖಂಡಿಸುವ ಚಟ ಅದು. ನಾಲಿಗೆ ಕಚ್ಚಿಕೊಂಡೆ.

ಮೂವತ್ತನೆಯ ಲೋಟ ಅಯ್ಯನವರ ಮುಂದೆ ಬಂತು. ಅದು ಖಾಲಾರದು, ಅಂಚಿನಲ್ಲಿ ಹೂಬಳ್ಳಿ ಕೊರೆದದ್ದು. ಅಯ್ಯನವರು ಬಿಸಿಲಿಗೆ ಹಿಡಿದು ನೋಡಿದರು, ಮೂಸಿದರು. ಆಮೇಲೆ ಯಾರೂ ತಡೆಯುವ ಮೊದಲೇ ಗಟಗಟ ಕುಡಿದುಬಿಟ್ಟರು. ಆಯಿ ಶಿವಶಿವಾ ಎಂದಳು.

"ನೀರದ," ಎಂದರು ಅವರು, ಮೀಸೆ ಒರೆಸಿಕೊಂಡು. "ಬರೀ ನೀರು. ಇದ್ರಾಗ ಯಾವ ಪ್ರಾಣೀನೂ ಇಲ್ಲ, ಏನೂ ಇಲ್ಲ. ಹಿರೇರು ಊಟ ಮಾಡ್ಲಿ."

ನಾನು ಎದ್ದು ನಿಂತೆ. ಜಂಗಮರ ಬಾಯಿಂದಲೇ ತೀರ್ಪು ಬಂದಿತ್ತು: ಏನೂ ಇಲ್ಲ. ಇದಕ್ಕಿಂತ ದೊಡ್ಡ ಗೆಲುವು ಯಾವ ವೇದಿಕೆಯ ಮೇಲೆ ಸಿಗಬೇಕು ಹೇಳಿ. ಅವ್ವನ ಮುಖ ನೋಡಿದರೆ ಅಲ್ಲಿ ಸೋಲಿನ ಗುರುತೇ ಇಲ್ಲ. ಅಯ್ಯನವರೇ ನಡೆಯುತ್ತದೆ ಎಂದ ಮೇಲೆ ಗುಳಿಗೆ ನಿಲ್ಲಿಸುವ ಪ್ರಶ್ನೆಯೇ ಇಲ್ಲ ಎಂದು ಆಯಿ ಆಗಲೇ ರೊಟ್ಟಿ ಮುರಿಯುತ್ತ ಹೇಳುತ್ತಿದ್ದಳು. ಔಷಧವೇ ಇಲ್ಲ ಎಂದು ಸಾಬೀತಾದ್ದರಿಂದ ಔಷಧ ಮುಂದುವರಿಯುತ್ತದೆ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಅಯ್ಯನವರ ಕಡೆ ತಿರುಗಿದಳು.

"ಅಯ್ಯಾರ, ಇದ್ರಾಗ ಏನೂ ಇಲ್ಲ ಅಂದ್ರ, ಇದು ಬ್ಯಾರೆ ಔಷಧಕ್ಕ ಅಡ್ಡ ಬರ್ತದೇನ್ರಿ?"

"ಏನೂ ಇಲ್ಲದ್ದು ಹ್ಯಾಂಗ ಅಡ್ಡ ಬರ್ತದ ತಾಯಿ?"

"ಬ್ಯಾರೆ ಔಷಧ ಇದನ್ನ ಕೊಲ್ತದೇನ್ರಿ?"

"ಇಲ್ಲದ್ದನ್ನ ಯಾರು ಕೊಲ್ಲಾಕ ಆಗ್ತದ?"

ಅವ್ವ ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಹೊರಗೆ ಬಂದು, ಸಾಬೂದಾಣಿಯ ಹುಡಿ ಮೆತ್ತಿದ ಬೀದರಿನ ಗುಳಿಗೆಯ ಸ್ಟ್ರಿಪ್ಪನ್ನು ಏಳೆಂಟು ಹೆಂಗಸರ ಎದುರೇ ನನ್ನ ಕೈಯಲ್ಲಿಟ್ಟಳು. ನೀರಿಗೆ ಹೇಗೂ ಕೊರತೆ ಇರಲಿಲ್ಲ. ಇಪ್ಪತ್ತೊಂಬತ್ತನೆಯ ಲೋಟ ಎತ್ತಿಕೊಟ್ಟಳು. ನಾನು ನುಂಗಿದೆ.

ಗುಳಿಗೆಯ ದಿನಗಳು ಮುಗಿದು ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ಮುಟ್ಟು ಬಂತು. ಏಳು ತಿಂಗಳ ಬಾಕಿಯನ್ನೆಲ್ಲ ಒಮ್ಮೆಲೇ ಕೇಳುವಂತೆ ಬಂತು, ಸೊಂಟ ಮುರಿಯುವಂತೆ. ನಾನು ಹಾಸಿಗೆಯಲ್ಲಿ ಮುದುರಿಕೊಂಡು ಅತ್ತೆ. ಸಂತೋಷಕ್ಕೋ ನೋವಿಗೋ ಎಂದು ಅವ್ವ ಕೇಳಿದಳು. ಎರಡಕ್ಕೂ ಎಂದೆ. ಅವಳು ಬಿಸಿನೀರಿನ ಚೀಲ ತಂದು ಹೊಟ್ಟೆಯ ಮೇಲಿಟ್ಟು, ಎಷ್ಟೋ ಹೊತ್ತು ಅಲ್ಲೇ ಕೂತಿದ್ದಳು. ಆಯಿ ಹೊರಗಿನಿಂದ, ಪೂಜೆಗೆ ಬರುತ್ತಾಳೋ ಇಲ್ಲವೋ ಕೇಳು ಎಂದಳು.

ನಡೆಯಲು ಆದ ಕೂಡಲೇ ಅವ್ವ ನನ್ನನ್ನು ಪೇಢಾ ಪಾಕೀಟಿನ ಜೊತೆ ಹುಮನಾಬಾದಿಗೆ ಕರೆದೊಯ್ದಳು. ಡಾಕ್ಟರು ಲ್ಯಾಪ್‌ಟಾಪಿನಲ್ಲಿ ಖುಷಿಯಿಂದ ಒತ್ತಿಕೊಂಡರು. ಅವ್ವ ಸುಳ್ಳು ಹೇಳುವವಳಲ್ಲ. ಬೀದರಿನ ಗುಳಿಗೆ ಜೊತೆಗೆ ಕೊಟ್ಟೆ ಎಂದು ತಾನೇ ಹೇಳಿದಳು. ಅವರು ಕ್ಷಣವೂ ತಡವರಿಸಲಿಲ್ಲ. ನಮ್ಮ ಔಷಧ ಮೊದಲೇ ಮೈಯನ್ನು ಹದ ಮಾಡಿಟ್ಟಿದ್ದರಿಂದ ಅದು ಇಷ್ಟು ಚೆನ್ನಾಗಿ ಹತ್ತಿತು ಎಂದರು. ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ.

"ಡಾಕ್ಟರ್ ಸಾಹೇಬ್ರ, ಒಂದ ಪ್ರಶ್ನೆ. ಏನ್ ಆಗಿದ್ರ ನೀವು, ನಮ್ಮ ಔಷಧ ಕೆಲಸ ಮಾಡಲಿಲ್ಲ ಅಂತಿದ್ರಿ?"

ಅವರು ನಿಜವಾಗಿಯೂ ಯೋಚಿಸಿದರು. ಕಿಟಕಿಯ ಹೊರಗೆ ನೋಡಿದರು. ಒಂದು ಪೇಢಾ ಅರ್ಧ ಮುರಿದು ಬಾಯಿಗೆ ಹಾಕಿಕೊಂಡರು.

"ನೀವು ಬರೋದು ಬಿಟ್ಟಿದ್ರ ರೀ," ಎಂದರು.

ಮನುಷ್ಯ ಪ್ರಾಮಾಣಿಕ.

ಅದರ ಮುಂದಿನ ವಾರ ಬೀದರಿನಲ್ಲಿ ಮತ್ತೆ ಸ್ಕ್ಯಾನಿಂಗ್ ಆಯಿತು. ಒಳಪದರ ಸರಿಯಾಗಿದೆ, ಇನ್ನು ಮುಂದೆ ಇಷ್ಟು ತಡಮಾಡಬೇಡಿ, ನಡೆಯುವುದು ಬಿಡಬೇಡಿ ಎಂದರು ಲೇಡಿ ಡಾಕ್ಟರು. ಸಕ್ಕರೆ ಗುಳಿಗೆಯ ವಿಷಯ ಅವ್ವನೇ ಕೇಳಿದಳು. ನನ್ನ ಗುಳಿಗೆ ತಪ್ಪಿಸದಿದ್ದರೆ ಅದನ್ನು ಏನಾದರೂ ಮಾಡಿಕೊಳ್ಳಿ ಎಂದು ಅವರು ಮುಂದಿನವರನ್ನು ಕರೆದರು. ನಾನು ಒಂದು ಮಾತು ಹೇಳಲು ಹೋದೆ, ಅವ್ವ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಬಸ್ ಸ್ಟ್ಯಾಂಡಿನಲ್ಲಿ ಬಿಸಿಲು. ಕಂಬದ ನೆರಳಿನಲ್ಲಿ ಇಬ್ಬರೂ ನಿಂತಿದ್ದೆವು. ಅವ್ವ ನನ್ನ ಕಡೆ ನೋಡದೆ ಕೇಳಿದಳು.

"ಇನ್ನ ಮ್ಯಾಲ ಒಂದ ತಿಂಗಳು ತಪ್ಪಿದ್ರೂ ನಂಗ ಹೇಳ್ತಿ ಇಲ್ಲೋ? ಕಪಾಟ ನೋಡಿ ಗೊತ್ತ ಮಾಡ್ಕೋಬೇಕೇನು ನಾ?"

"ಹೇಳ್ತೀನಿ."

"ವಾದ ಮಾಡಬ್ಯಾಡ. ಬರೇ ಹೇಳು."

"ಹೇಳ್ತೀನಿ ಅಂದೆ ಅಲಾ. ಆದ್ರ ನಂದೊಂದು ಷರತ್ತು ಅದ," ಎಂದು ನಾನು ಶುರು ಮಾಡಿದೆ. ಕಲ್ಯಾಣದ ಬಸ್ಸು ಬಂದು ನಿಂತಿತ್ತು. ಅವ್ವ ಅಷ್ಟೊತ್ತಿಗೆ ನನ್ನ ಚೀಲವನ್ನೂ ಎತ್ತಿಕೊಂಡು ಹತ್ತಿ, ಕಿಟಕಿಯ ಸೀಟು ಹಿಡಿದು, ಒಳಗಿನಿಂದ ಕೈ ಬೀಸುತ್ತಿದ್ದಳು. ಷರತ್ತು ಏನೆಂದು ಅವಳು ಊರು ಮುಟ್ಟುವವರೆಗೂ ಕೇಳಲಿಲ್ಲ. ಗುಳಿಗೆ ಮತ್ತೆ ಸಾಬೂದಾಣಿ ಡಬ್ಬಿಯೊಳಗೆ ಹೋಗಬಾರದು ಎಂದು ನಾನೇ ಮೂರು ಸಲ ಹೇಳಿದೆ.